ಶಿವಾನ ಹೆಸರಿನ ರಕ್ತ

ಪೆನ್ನಾಗರಂ
3 ಜೂನ್ 2024

ಭಾರ್ಗವಿ ಅವರಿಗೆ,

ಮೊದಲು ನೀವು ಕೊಟ್ಟ ಮಾತುಗಳು. ರಕ್ತ ಕೊಟ್ಟ ಪ್ರತಿಯೊಬ್ಬರಿಗೂ ಫಲಿತಾಂಶ ತಿಳಿಸುತ್ತೇವೆ ಎಂದಿರಿ. ಕನ್ನಡದಲ್ಲೇ ತಿಳಿಸುತ್ತೇವೆ ಎಂದಿರಿ. ಕಾಯಿಲೆ ಕಂಡರೆ ಸೇಲಂ ದೊಡ್ಡಾಸ್ಪತ್ರೆಗೆ ನಾವೇ ಕರೆದುಕೊಂಡು ಹೋಗುತ್ತೇವೆ ಎಂದಿರಿ. ಮನೆಯವರೆಲ್ಲ ರಕ್ತ ಕೊಟ್ಟರೆ ಆ ಮನೆಗೊಂದು ಆರೋಗ್ಯ ಕಾರ್ಡು ಎಂದಿರಿ.

ಈಗ ಸಿಕ್ಕದ್ದು. ಫಲಿತಾಂಶ ಇಲ್ಲ. ಕಾರ್ಡು ಇಲ್ಲ. ಆಸ್ಪತ್ರೆಯ ಸುದ್ದಿ ಇಲ್ಲ. ಫೋನ್ ಮಾಡಿದರೆ ಮೇಡಂ ಲ್ಯಾಬಿನಲ್ಲಿದ್ದಾರೆ ಎನ್ನುತ್ತಾರೆ. ಕಾಲೇಜಿಗೇ ಬಂದು ನಿಮ್ಮ ಪ್ರೊಫೆಸರ್ ಗಣೇಶನ್ ಸಾರ್ ಅವರನ್ನು ಕೇಳಿದರೆ, ‘ಇದು ರಿಸರ್ಚ್ ಮ್ಮಾ, ಟ್ರೀಟ್‌ಮೆಂಟ್ ಇಲ್ಲೆ’ ಎಂದು ಕಾರು ಹತ್ತಿದರು. ಮಾತು ಕೊಡುವಾಗ ಕನ್ನಡ, ಇಲ್ಲ ಅನ್ನುವಾಗ ತಮಿಳು. ಭಾಷೆಯ ತಪ್ಪಲ್ಲ ಅದು, ಆಡುವವರದ್ದು.

ನಾನು ಮೇನಕಾ. ಪೊಂಗಲ್ ಕಳೆದ ವಾರ ನೀವು ನಮ್ಮ ಹಟ್ಟಿಗೆ ಬಂದು ಮಜ್ಜಿಗೆ ಕುಡಿದಿರಲ್ಲ, ಆ ಅಂಜಮ್ಮನ ಮಗಳು. ನಮ್ಮ ಅಪ್ಪ ಮಾರಿಯಪ್ಪನ ತಂಗಿ ಪೂಂಗೊಡಿ ಹರೆಯದಲ್ಲೇ ಕೈಕಾಲು ನಡುಗಿ ಹಾಸಿಗೆ ಹಿಡಿದವಳು. ಅವಳ ಜಾಡು ಹಿಡಿದು ನೀವು ಬಂದಿರಿ. ‘ನಾವೂ ಕನ್ನಡದವರೇ ಕಣಮ್ಮಾ’ ಎಂದಿರಿ. ಆ ಒಂದು ಮಾತಿಗೆ ಅಮ್ಮ ಕರಗಿದಳು. ನಾನು ಕಾರ್ಮಿಕ ಸಂಘದವಳು, ಸುಲಭಕ್ಕೆ ಕರಗುವುದಿಲ್ಲ. ಆದರೂ ಮನೆಮನೆಗೆ ಹೋಗಿ, ಹೆದರಬೇಡಿ, ಕೊಡಿ ಎಂದು ಹೇಳಿದವಳು ನಾನೇ. ನನ್ನ ರಕ್ತವನ್ನು ನೀವು ಮೊದಲೇ ತೆಗೆದುಕೊಂಡಿದ್ದಿರಿ; ಉಳಿದವರ ರಕ್ತ ತೆಗೆದ ಶಿಬಿರದ ದಿನ ಮೆಟ್ಟೂರಿನಲ್ಲಿ ಸಭೆ ಇದ್ದುದರಿಂದ ನಾನು ಊರಲ್ಲಿರಲಿಲ್ಲ. ಈಗ ಹಟ್ಟಿಯವರು ಕೇಳುತ್ತಾರೆ: ‘ಏನ್ ಮೇನಕಾ, ನಮ್ ರಕ್ತ ಎಷ್ಟಕ್ ಓಯ್ತಂತೆ?’

ನನ್ನ ತಮ್ಮ ಶಿವಾ ಮೆಟ್ಟೂರು ಕಡೆಯ ಒಂದು ನೂಲಿನ ಮಿಲ್ಲಿನಲ್ಲಿದ್ದಾನೆ. ಯಂತ್ರ ಓಡುತ್ತಿರುವಾಗಲೇ ಹರಿದ ನೂಲನ್ನು ಹಿಡಿದು ಜೋಡಿಸುವ ಕೆಲಸ. ಈಚೆಗೆ ಅವನ ಕೈ ನಡುಗುತ್ತಿದೆ. ಕುಡಿದು ಕೆಲಸಕ್ಕೆ ಬಂದ ಎಂದು ಹೇಳಿ ಸಸ್ಪೆಂಡ್ ಮಾಡಿದ್ದಾರೆ. ವಿಚಾರಣೆ ಇಟ್ಟಿದ್ದಾರೆ. ಕುಡುಕನೆಂದು ಹೊರಹಾಕಿದರೆ ಈ ಸುತ್ತಿನ ಯಾವ ಮಿಲ್ಲೂ ಅವನನ್ನು ಗೇಟಿನ ಒಳಗೆ ಬಿಡದು. ಅವನ ನಡುಕ ಅತ್ತೆಯ ನಡುಕವೇ ಎಂದು ಹೇಳಬೇಕಾದ ರಕ್ತ ನಿಮ್ಮ ಫ್ರಿಜ್ಜಿನಲ್ಲಿದೆ.

ಉತ್ತರವನ್ನು ಕಾಗದದ ಮೇಲೆ ಬರೆದು ಸಹಿ ಹಾಕಿ ಕಳಿಸಿ. ಫೋನಿನಲ್ಲಿ ಆಡಿದ್ದನ್ನು ನಾಳೆ ನೀವು ‘ನಾನು ಹೇಳಿಲ್ಲ’ ಎನ್ನಬಹುದು. ಕನ್ನಡದಲ್ಲಿ ಬರೆಯಿರಿ. ನನಗೆ ಈ ಅಕ್ಷರ ಕಲಿಸಿದ್ದು ಶಾಲೆಯಲ್ಲ, ಕೊಳ್ಳೇಗಾಲದ ಕಡೆ ನಡೆದ ಸಂಘದ ಶಿಬಿರ. ಓದಬಲ್ಲೆ.

ಮೇನಕಾ


ಸೇಲಂ
12 ಜೂನ್ 2024

ಮೇನಕಾ ಅಕ್ಕನವರಿಗೆ ಭಾರ್ಗವಿಯ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಕನ್ನಡದಲ್ಲಿ ಬರೆದು ಎಷ್ಟೋ ವರ್ಷವಾಯಿತು, ತಪ್ಪಿದ್ದರೆ ಮನ್ನಿಸಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಓದಿದ್ದು ತಮಿಳು, ಇಂಗ್ಲಿಷು. ನನಗೆ ಅಕ್ಷರ ತಿದ್ದಿಸಿದವರು ಅಜ್ಜಿ ವೆಂಕೂಬಾಯಿ.

ನಾವು ಹುಡುಕುತ್ತಿರುವುದು ಏನೆಂದು ಅವತ್ತು ಸರಿಯಾಗಿ ಹೇಳಲಿಲ್ಲ. ಈಗ ಹೇಳುತ್ತೇನೆ. ದೇಹದ ಪ್ರತಿ ಜೀವಕೋಶದಲ್ಲೂ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್ ಇದೆ. ಅದು ತಾನಾಗಿ ಏನನ್ನೂ ಕಟ್ಟುವುದಿಲ್ಲ, ಒಡೆಯುವುದಿಲ್ಲ. ಬೇರೆ ಪ್ರೋಟೀನಿನ ಮೈಗೆ ಗುರುತಿನ ಚೀಟಿಯ ಹಾಗೆ ಅಂಟಿಕೊಳ್ಳುತ್ತದೆ. ಚೀಟಿಯ ಮೇಲೆ ಚೀಟಿ ಸೇರಿ ಸರಪಳಿಯಾದರೆ, ಜೀವಕೋಶ ಆ ಪ್ರೋಟೀನನ್ನು ಎಳೆದೊಯ್ದು ಪುಡಿ ಮಾಡುತ್ತದೆ. ಒಂದೇ ಅಂಟಿದರೆ ಬೇರೆ ಜಾಗಕ್ಕೆ ಕಳಿಸಬಹುದು. ಸರಪಳಿಯನ್ನು ಬೇರೆ ರೀತಿ ಹೆಣೆದಿದ್ದರೆ, ‘ಇಲ್ಲಿ ರಿಪೇರಿ ಮಾಡಿ’ ಎಂಬ ಅರ್ಥವೂ ಇದೆ. ಯಾರಿಗೆ ಅಂಟಿಸಬೇಕೆಂದು ಆರಿಸುವ ಪ್ರೋಟೀನುಗಳು ಬೇರೆ ಇವೆ. ಅವುಗಳಲ್ಲಿ ಒಂದರ ಹೆಸರು ಪಾರ್ಕಿನ್.

ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಎಂಬ ಕಣಗಳು ಸವೆದು ಕೆಟ್ಟಾಗ ಪಾರ್ಕಿನ್ ಅವುಗಳ ಮೇಲೆ ಈ ಚೀಟಿ ಹಚ್ಚುತ್ತದೆ. ಜೀವಕೋಶ ಅವನ್ನು ತೆಗೆದು ಕರಗಿಸುತ್ತದೆ. ಪಾರ್ಕಿನ್ನೇ ಕೆಟ್ಟಿದ್ದರೆ ಹಾಳಾದ ಕಣಗಳು ಅಲ್ಲೇ ಉಳಿದು ಜೀವಕೋಶವನ್ನು ಒಳಗಿಂದ ಸುಡುತ್ತವೆ. ಕೈಕಾಲಿನ ಚಲನೆಯನ್ನು ಹದದಲ್ಲಿಡುವ ಮಿದುಳಿನ ಕೋಶಗಳು ಇದನ್ನು ತಾಳಲಾರದೆ ಸಾಯುತ್ತವೆ. ಹರೆಯದಲ್ಲೇ ನಡುಕ ಬರುವುದು ಹೀಗೆ. ಪಾರ್ಕಿನ್ ತಯಾರಿಸುವ ಸೂಚನೆ, ಅಂದರೆ ಜೀನ್, ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದು ಸರಿಯಿದ್ದರೂ ಸಾಕು, ಎರಡೂ ಕೆಟ್ಟಿದ್ದರೆ ಕಾಯಿಲೆ. ರಕ್ತಸಂಬಂಧದಲ್ಲಿ ಮದುವೆಯಾದ ಮನೆಗಳಲ್ಲಿ ಹಾಗಾಗುವ ಸಂಭವ ಹೆಚ್ಚು. ನಿಮ್ಮ ತಾಯಿಯವರನ್ನು ಸೋದರಮಾವನಿಗೇ ಕೊಟ್ಟಿದ್ದೆಂದು ಕೇಳಿದೆ.

ಒಬ್ಬೊಬ್ಬರ ಫಲಿತಾಂಶವನ್ನು ಹೊರಗೆ ಕೊಡುವ ಅಧಿಕಾರ ನನಗಿಲ್ಲ. ಇದು ಸಾರ್ ಅವರ ನಿಯಮ. ಅವತ್ತು ಕೊಡುತ್ತೇವೆ ಎಂದದ್ದು ನನ್ನ ಅವಸರ.

ಒಂದು ಮಾತು, ತಪ್ಪು ತಿಳಿಯಬೇಡಿ. ಶಿವಾ ಅವರನ್ನು ಕುಡಿತ ಬಿಡಿಸುವ ಒಂದು ಒಳ್ಳೆಯ ಕೇಂದ್ರಕ್ಕೆ ತೋರಿಸಬಹುದು. ಧರ್ಮಪುರಿಯಲ್ಲೇ ಇದೆ. ವಿಳಾಸ ಹಿಂಬದಿಯಲ್ಲಿ ಬರೆದಿದ್ದೇನೆ.

ಇತಿ,
ಭಾರ್ಗವಿ


ಪೆನ್ನಾಗರಂ
19 ಜೂನ್ 2024

ಭಾರ್ಗವಿ ಅವರಿಗೆ,

ಅಕ್ಕ ಅನ್ನಬೇಡಿ. ವಿಳಾಸ ಇರುವ ತುಂಡನ್ನು ಹರಿದು ವಾಪಸು ಕಳಿಸಿದ್ದೇನೆ.

ನನ್ನ ತಮ್ಮ ಕುಡಿಯುತ್ತಾನೆಂದು ನಿಮಗೆ ಯಾರು ಹೇಳಿದರು? ನಾನು ಹೇಳಲಿಲ್ಲ. ನನ್ನ ಕಾಗದದಲ್ಲಿ ಅದು ಮಿಲ್ಲಿನ ಮಾತೆಂದು ಇತ್ತು. ಸೇಲಂ ಮನೆಯಲ್ಲಿ ಕೂತ ನಿಮಗೆ ಮಿಲ್ಲಿನ ಮಾತು ಅಷ್ಟು ಬೇಗ ರುಚಿಸಿತೇ? ಕೂಲಿಯವನ ಕೈ ನಡುಗಿದರೆ ಹೆಂಡ, ಸಾಹುಕಾರನ ಕೈ ನಡುಗಿದರೆ ನರದ ದೌರ್ಬಲ್ಯ.

ಸೋದರಮಾವನ ಮಾತು ಬೇರೆ ಎತ್ತಿದ್ದೀರಿ. ನಿಮ್ಮ ಬೀದಿಗಳಲ್ಲಿ ಯಾರೂ ಅಕ್ಕನ ಮಗಳನ್ನು ತಂದುಕೊಂಡಿಲ್ಲವೇ? ನಿಮ್ಮ ಅಜ್ಜಿ ಯಾರನ್ನು ಮದುವೆಯಾದರು? ಅದನ್ನೂ ಬರೆಯಿರಿ.

ನಿಮ್ಮ ವಿಜ್ಞಾನವನ್ನು ಮೂರು ಸಲ ಓದಿದೆ. ಅರ್ಥವಾಯಿತು. ಒಳಗೂ ಒಂದು ಮ್ಯಾನೇಜ್‌ಮೆಂಟ್ ಇದೆ, ಬೇಡದವರ ಬೆನ್ನಿಗೆ ಚೀಟಿ ಅಂಟಿಸಿ ಪುಡಿ ಮಾಡಲು ಕಳಿಸುತ್ತದೆ. ಚೀಟಿ ತಪ್ಪಿ ಅಂಟಿದರೆ ಕೀಳುವವರು ಯಾರಾದರೂ ಇದ್ದಾರೋ? ಇಲ್ಲವೆಂದರೆ ಅಲ್ಲೂ ಒಂದು ಸಂಘ ಬೇಕು.

ಮೊದಲ ವಿಚಾರಣೆ ಮುಗಿಯಿತು. ಬೆಳಿಗ್ಗೆ ಕರೆದಿದ್ದರು. ಸಂಘದ ಪರವಾಗಿ ನಾನು ಪಕ್ಕದಲ್ಲಿ ನಿಂತಿದ್ದೆ. ಮಿಲ್ಲಿನ ಡಾಕ್ಟರು ಶಿವಾನ ಎರಡೂ ಕೈ ಚಾಚಿಸಿ ನೋಡಿದರು. ನಡುಕವಿಲ್ಲ. ಸೂಪರ್‌ವೈಸರ್ ಪಳನಿಸ್ವಾಮಿ ನಕ್ಕ. ಅವನೂ ನಮ್ಮ ಕನ್ನಡದವನೇ, ಕೇಳಿ ನಿಮಗೆ ಸಂತೋಷವಾದೀತು.

‘ನೋಡಿ ಸಾರ್, ಕಾಲೈಲೆ, ಬೆಳಿಗ್ಗೆ ಒತ್ತು, ಕಲ್ ಇದ್ದಂಗ್ ಐತೆ ಕೈಯಿ. ಸಾಯಂಕಾಲ ಶಿಫ್ಟಿಗ್ ಬಂದ್ರೆ ನೂಲೇ ಇಡಿಯಾಕಾಗಲ್ಲ. ನಡುವಾಗ್ ಏನ್ ಬಂತು? ಎಂಡದಂಗಡಿ ಬಂತು.’

‘ನಾ ಕುಡಿಯಲ್ಲ ಸಾರ್’ ಅಂದ ಶಿವಾ.

‘ಕುಡಿಯೋನು ಯಾವನ್ಲಾ ಕುಡೀತೀನಿ ಅಂದವ್ನೆ?’

‘ನೀ ಯಾವತ್ತಾರ ನನ್ ಬಾಯಿ ಮೂಸಿದ್ದೀಯಾಣ್ಣ?’

‘ಮೂಸಾಕೆ ನಾ ಏನ್ ನಿನ್ನ ಎಂಡ್ತೀನಾ?’

ಎಲ್ಲರೂ ನಕ್ಕರು. ಡಾಕ್ಟರು ಬರೆದುಕೊಂಡರು.

ನಮ್ಮ ಕೊರಳಿಗೆ ಬಿದ್ದಿರುವ ಉರುಳು ಇದೇ. ನಿದ್ದೆ ಮಾಡಿ ಎದ್ದರೆ ಅವನ ಕೈ ನೆಟ್ಟಗಿರುತ್ತದೆ. ಮಧ್ಯಾಹ್ನ ಒಂದು ಕೋಳಿನಿದ್ದೆ ಮಾಡಿದರೂ ಸರಿಯಾಗುತ್ತದೆ. ಹೊತ್ತು ಇಳಿದಂತೆ ನಡುಕ ಏರುತ್ತದೆ. ಸಂಜೆಗೆ ಲೋಟ ಹಿಡಿಯಲಾರ. ಎಡಗಾಲಿನ ಬೆರಳು ಒಳಕ್ಕೆ ಮಡಚಿಕೊಳ್ಳುತ್ತದೆ. ಅವರು ಅದನ್ನೇ ಸಾಕ್ಷಿ ಮಾಡಿದ್ದಾರೆ: ಮಲಗಿದರೆ ಇಳಿಯುವುದು ಅಮಲು.

ಇನ್ನೊಂದು. ನಿಮ್ಮ ಶಿಬಿರಕ್ಕೆ ಶಾಮಿಯಾನ ಹಾಕಿಸಿದ್ದು, ಊಟ ಹಾಕಿಸಿದ್ದು ಇದೇ ಮಿಲ್ಲು. ಬ್ಯಾನರಿನಲ್ಲಿ ಹೆಸರಿತ್ತಂತೆ. ನೀವು ಫಲಿತಾಂಶ ಯಾಕೆ ಕೊಡುತ್ತಿಲ್ಲ, ಯಾರಿಗೆ ಆಗಲೇ ಕೊಟ್ಟಿದ್ದೀರಿ ಎಂದು ನಾನು ಯೋಚಿಸಬಾರದೇ?

ಮೇನಕಾ


ಸೇಲಂ
24 ಜೂನ್ 2024

ಮೇನಕಾ ಅವರಿಗೆ,

ಒಂದೇ ಪ್ರಶ್ನೆ. ಅವತ್ತು ಶಿಬಿರದಲ್ಲಿ ಶಿವಾ ಅವರೇ ಬಂದು ರಕ್ತ ಕೊಟ್ಟರೇ? ದಯವಿಟ್ಟು ಖಚಿತವಾಗಿ ಕೇಳಿ ತಿಳಿಸಿ. ಯಾಕೆ ಕೇಳುತ್ತಿದ್ದೇನೆಂದು ಈಗ ಬರೆಯಲಾರೆ. ಈ ಕಾಗದವನ್ನು ಯಾರಿಗೂ ತೋರಿಸಬೇಡಿ.

ನನ್ನ ಅಜ್ಜಿ ಮದುವೆಯಾದದ್ದು ತಮ್ಮ ಸೋದರಮಾವನನ್ನೇ. ನೀವು ಕೇಳಿದ್ದು ಸರಿ.

ಭಾರ್ಗವಿ


ಪೆನ್ನಾಗರಂ
29 ಜೂನ್ 2024

ಭಾರ್ಗವಿ ಅವರಿಗೆ,

ಈಗ ಹೊಸ ದಾರಿ ಹಿಡಿದಿದ್ದೀರಿ. ಮೊದಲು ನನ್ನ ತಮ್ಮ ಕುಡುಕ, ಈಗ ನಮ್ಮ ಮನೆಯವರೆಲ್ಲ ಕಳ್ಳರು. ಶಿವಾ ರಕ್ತವನ್ನೇ ಕೊಟ್ಟಿಲ್ಲ ಎಂದು ನನ್ನ ಕೈಯಲ್ಲೇ ಬರೆಸಿಕೊಂಡರೆ ನಿಮ್ಮ ಸಾರ್ ಕೈ ತೊಳೆದುಕೊಳ್ಳಬಹುದು, ಅಷ್ಟೇ ತಾನೇ? ಯಾರಿಗೂ ತೋರಿಸಬೇಡಿ ಎಂದಿದ್ದೀರಿ. ತೋರಿಸಿದೆ. ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿದೆ.

ಸರ್ಕಾರದ ನೂರು ದಿನದ ಕೂಲಿ ಕೆಲಸದಲ್ಲಿ ಒಬ್ಬರ ಹಾಜರಿಗೆ ಇನ್ನೊಬ್ಬರು ನಿಲ್ಲುವುದು ಈ ಕಡೆ ನಡೆಯುತ್ತದೆ. ಅತ್ತಿಗೆಗೆ ಜ್ವರ ಬಂದರೆ ನಾದಿನಿ ಹೋಗಿ ಅವಳ ಹೆಸರಿಗೆ ಓ ಅನ್ನುತ್ತಾಳೆ. ಅದರ ವಿರುದ್ಧ ಮಾತಾಡಿ ಹಟ್ಟಿಯವರಿಂದಲೇ ಬೈಸಿಕೊಂಡವಳು ನಾನು. ನನ್ನ ಮನೆಗೇ ಆ ಮಾತು ತರುತ್ತೀರಾ?

ಆದರೂ ಅಮ್ಮನನ್ನು ಕೇಳಿದೆ. ‘ಶಿವಾನ್ ಎಸ್ರು ಕೂಗುದ್ರು, ರಕ್ತ ಕೊಟ್ವು’ ಎಂದಳು. ಅಷ್ಟು ಸಾಕು. ಶಿವಾನನ್ನು ಕೇಳಲಿಲ್ಲ. ಸಸ್ಪೆಂಡ್ ಆದ ಮೇಲೆ ಅವನು ಮೇಕೆ ಹೊಡೆದುಕೊಂಡು ಕಾಡಿಗೆ ಹೋಗುತ್ತಾನೆ, ಯಾರೊಡನೆಯೂ ಮಾತಿಲ್ಲ. ಅವನ ಮೇಲೆ ಇನ್ನೊಂದು ಅನುಮಾನದ ಹೊರೆ ಹೇರಲು ನನಗೆ ಮನಸ್ಸಿಲ್ಲ.

ಇನ್ನು ಎರಡು ವಾರ ನೋಡುತ್ತೇವೆ. ಆಮೇಲೆ ರಕ್ತ ಕೊಟ್ಟವರೆಲ್ಲ ಬಸ್ಸು ಹತ್ತಿ ನಿಮ್ಮ ಕಾಲೇಜಿನ ಗೇಟಿಗೆ ಬಂದು ಕೂರುತ್ತೇವೆ. ಕೊಟ್ಟ ರಕ್ತ ವಾಪಸು ಕೊಡಿ ಎನ್ನುತ್ತೇವೆ.

ಮೇನಕಾ


ಸೇಲಂ
5 ಜುಲೈ 2024

ಮೇನಕಾ ಅವರಿಗೆ,

ನನ್ನ ಕೊನೆಯ ಕಾಗದವನ್ನು ಸಭೆಯಲ್ಲಿ ಓದಿದ್ದೀರಿ. ಇದನ್ನೂ ಓದಬಹುದು. ಆದರೆ ಓದಿದರೆ ಶಿವಾಗೆ ಕೆಟ್ಟದ್ದಾಗುತ್ತದೆ, ಅದಕ್ಕೇ ಬೇಡವೆನ್ನುತ್ತಿದ್ದೇನೆ.

ನಿಮ್ಮ ಮೊದಲ ಕಾಗದ ಬರುವ ಮೊದಲೇ ನಾನು ಫಲಿತಾಂಶ ನೋಡಿದ್ದೆ. ಶಿವಾ ಎಂಬ ಹೆಸರಿನ ರಕ್ತದ ಕೊಳವೆಯಲ್ಲಿ ಒಂದು ಸೂಚನೆ ಕೆಟ್ಟಿದೆ, ಒಂದು ಸರಿಯಿದೆ. ಅಂದರೆ ಕಾಯಿಲೆ ಬರಬಾರದು. ಅವತ್ತು ಆ ಹೆಸರಿಗೆ ಬಂದವರ ಕೈಗೆ ಸೂಜಿ ಚುಚ್ಚಿದವಳೂ ನಾನೇ. ಕೈ ಗಟ್ಟಿಯಾಗಿತ್ತು, ನಡುಕವಿರಲಿಲ್ಲ. ಅದಕ್ಕೇ ನಿಮ್ಮ ಕಾಗದ ಓದಿದಾಗ ಮಿಲ್ಲಿನವರು ಹೇಳಿದ್ದೇ ನಿಜ, ತಮ್ಮನನ್ನು ಉಳಿಸಿಕೊಳ್ಳಲು ಯಾವ ಅಕ್ಕನಾದರೂ ಆಡುವ ಹಾಗೆ ನೀವು ಆಡುತ್ತಿದ್ದೀರಿ ಎಂದುಕೊಂಡೆ. ಫಲಿತಾಂಶ ನಿಮ್ಮ ಕೈಗೆ ಕೊಟ್ಟರೆ ನೀವೇ ಅದನ್ನು ವಿಚಾರಣೆಯಲ್ಲಿ ಇಟ್ಟು ಅವರನ್ನು ಮುಳುಗಿಸುತ್ತೀರಿ ಎಂದು ಮುಚ್ಚಿಟ್ಟೆ. ನಿಯಮದ ಮಾತು ಅರ್ಧ ನಿಜ, ಅರ್ಧ ನೆಪ.

ಆಮೇಲೆ ನೀವು ಬೆಳಿಗ್ಗೆ ಸಂಜೆಯ ಮಾತು ಬರೆದಿರಿ. ನಿದ್ದೆಯಾದ ಮೇಲೆ ನಡುಕ ಇಳಿಯುವುದು, ಹೊತ್ತು ಹೋದಂತೆ ಏರುವುದು, ಕಾಲ ಬೆರಳು ಮಡಚಿಕೊಳ್ಳುವುದು. ಪಾರ್ಕಿನ್ ಕೆಟ್ಟ ಎಳೆಯರಲ್ಲಿ ಕಾಣುವ ಲಕ್ಷಣಗಳೆಂದು ಬೇರೆ ದೇಶದ ಡಾಕ್ಟರುಗಳು ಎಂದೋ ಬರೆದಿಟ್ಟಿದ್ದಾರೆ. ಲಕ್ಷಣ ಒಂದು ಹೇಳುತ್ತದೆ, ಕೊಳವೆ ಇನ್ನೊಂದು.

ಸಾರ್ ಬೇಡವೆಂದರೂ ನಿಮ್ಮ ಮನೆಯ ಎಲ್ಲ ಕೊಳವೆಗಳನ್ನು ಮತ್ತೆ ತೆಗೆದು ಹೋಲಿಸಿದೆ. ಶಿವಾನ ಹೆಸರಿನದೂ ನಿಮ್ಮ ಅಣ್ಣ ಮುನಿರಾಜ್ ಹೆಸರಿನದೂ ಒಂದೇ ಮನುಷ್ಯನ ರಕ್ತ. ಅಣ್ಣತಮ್ಮಂದಿರಲ್ಲಿ ಎಷ್ಟೋ ಹೊಂದುತ್ತದೆ, ಎಲ್ಲವೂ ಹೊಂದುವುದು ಒಂದೇ ರೂಪದ ಅವಳಿಗಳಲ್ಲಿ ಮಾತ್ರ. ಇವರು ಅವಳಿಗಳಲ್ಲ. ಅವತ್ತು ಎರಡು ಮೇಜು ಹಾಕಿದ್ದೆವು. ಒಂದರಲ್ಲಿ ನರ್ಸ್, ಒಂದರಲ್ಲಿ ನಾನು. ಒಬ್ಬರೇ ಎರಡು ಸಲ ಬಂದರೆ ಗೊತ್ತಾಗುವಂತಿರಲಿಲ್ಲ.

ಇದರಲ್ಲಿ ನಾನು ಯಾರನ್ನೂ ಕಳ್ಳರೆನ್ನುತ್ತಿಲ್ಲ. ಶಿವಾನ ರಕ್ತವನ್ನು ಇನ್ನೂ ಯಾರೂ ನೋಡಿಯೇ ಇಲ್ಲ ಎನ್ನುತ್ತಿದ್ದೇನೆ.

ನೀವು ಕೇಳಿದ್ದಕ್ಕೆ ಉತ್ತರ: ಚೀಟಿ ಕೀಳುವ ಪ್ರೋಟೀನುಗಳೂ ಇವೆ. ತಪ್ಪಿ ಅಂಟಿದ್ದನ್ನು ಕಿತ್ತು, ಪುಡಿಯಾಗುವ ಮುಂಚೆ ಬಿಡಿಸುತ್ತವೆ. ಅವು ಕೆಲಸ ಮಾಡದಿದ್ದರೂ ಜೀವಕೋಶ ಉಳಿಯದು.

ಭಾರ್ಗವಿ


ಪೆನ್ನಾಗರಂ
20 ಜುಲೈ 2024

ಭಾರ್ಗವಿಗೆ,

ತಡವಾಯಿತು. ಗೇಟಿಗೆ ಬರುತ್ತೇವೆಂದಿದ್ದ ವಾರ ಕಳೆಯಿತು, ನೀನು ನೋಡಿರಬೇಕು, ಯಾರೂ ಬರಲಿಲ್ಲ. ನಿನ್ನ ಕಾಗದವನ್ನು ಸುಡಲು ಒಲೆಯ ಮುಂದೆ ಕೂತಿದ್ದೆ. ಮುನಿರಾಜಣ್ಣ ರಾಗಿ ಚೀಲ ಇಳಿಸಲು ಬಂದ. ಸುಮ್ಮನೆ ಕೇಳಿದೆ: ‘ಅಣ್ಣ, ಅವತ್ತು ನಿಂಗೆ ಎಷ್ಟ್ ಸಲ ಸೂಜಿ ಚುಚ್ಚುದ್ರು?’

ಅವನು ಅಮ್ಮನ ಮುಖ ನೋಡಿದ. ಅಮ್ಮ ಮೊರ ತೆಗೆದುಕೊಂಡು ಹೊರಗೆ ಹೊರಟಳು.

‘ಅಮ್ಮಾ, ನಿಲ್ಲು.’

‘ಏನಡೀ, ಪೊಲೀಸ್ ತರ ಕೇಳ್ತೀಯ? ಶಿವಾ ಶಿಫ್ಟಿಗೋಗಿದ್ದ. ಮನೆಯವ್ರೆಲ್ಲ ಕೊಟ್ರೇನೇ ಕಾರ್ಡು ಅಂದ್ರು. ಎಸ್ರು ಕೂಗಿದಾಗ ಆಳಿಲ್ಲ ಅಂದ್ರೆ ಲಿಸ್ಟಿಂದ ಮನೇನೇ ತೆಗೆದಾಕ್ತಿದ್ರು.’

‘ಅದ್ಕೆ?’

‘ಅದ್ಕೆ ಇವ್ನ್ ನಿಂತ. ನೂರ್ ದಿನದ ಕೆಲ್ಸಕ್ಕೆ ನಿಲ್ಲಲ್ವಾ? ಒಂದೇ ಒಟ್ಟೇಲಿ ಉಟ್ಟವು, ಒಂದೇ ಆಲು ಕುಡುದವು. ರಕ್ತ ಏನ್ ಬ್ಯಾರೆ ಬ್ಯಾರೆ ಇರ್ತದಾ?’

‘ಎಡ್ಗೈ ಒಂದ್ಸಲ, ಬಲ್ಗೈ ಒಂದ್ಸಲ’ ಅಂದ ಅಣ್ಣ. ‘ಎರಡ್ ಬಿಸ್ಕೆಟ್ ಪಾಕೀಟ್ ಕೊಟ್ರು.’

ನನಗೆ ನಗು ಬಂತು, ಅದರ ಹಿಂದೆಯೇ ಅಮ್ಮನ ಮೇಲೆ ಕೈ ಎತ್ತುವಷ್ಟು ಸಿಟ್ಟೂ ಬಂತು. ಮೇಕೆ ಕೂಡಿಹಾಕಿ ಒಳಗೆ ಬಂದ ಶಿವಾನನ್ನು ಹಿಡಿದು ಕೇಳಿದೆ. ನಿನಗೆ ಗೊತ್ತಿತ್ತೇನೋ?

‘ಗೊತ್ತಿತ್ತು.’

‘ಯಾಕ್ ಏಳ್ಲಿಲ್ಲ?’

‘ನೀ ಕೇಳ್ಲಿಲ್ಲ. ನೀನು ಎಲ್ರುನ್ನೂ ಕೇಳ್ತೀಯಕ್ಕ, ಮ್ಯಾನೇಜರ್ನ, ಕಲೆಕ್ಟರ್ನ. ನನ್ ಬಗ್ಗೆ ನನ್ನ ಕೇಳಲ್ಲ. ಏಳಿದ್ರೆ ಅಮ್ಮನ್ ಮೇಲೆ, ಅಣ್ಣನ್ ಮೇಲೆ ಒಂದ್ ಕೇಸ್ ಆಕ್ತಿದ್ರು. ಒಬ್ಬನ್ ಮೇಲೆ ಇರೋದ್ ಸಾಲ್ದಾ?’

ಅವನು ಹೇಳಿದ್ದು ಸರಿ. ನಿನಗೂ ಒಂದು ಮಾತು ಹೇಳುತ್ತೇನೆ. ಮನೆಯವರೆಲ್ಲ ಕೊಟ್ಟರೆ ಮಾತ್ರ ಕಾರ್ಡು ಎಂಬ ಷರತ್ತು ಹಾಕಿದವರು ನೀವು. ನಮ್ಮವರಿಗೆ ಷರತ್ತು ದಾಟುವ ದಾರಿ ಚೆನ್ನಾಗಿ ಗೊತ್ತು, ಯಾಕೆಂದರೆ ಷರತ್ತಿಲ್ಲದೆ ಈವರೆಗೆ ಏನೂ ಸಿಕ್ಕಿಲ್ಲ. ಕೊಡದ ಕಾರ್ಡಿನ ಆಸೆ ತೋರಿಸಿ ಸುಳ್ಳು ರಕ್ತ ಪಡೆದಿರಿ.

ಶಿವಾನನ್ನು ಸೇಲಂಗೆ ಕರೆತರುತ್ತೇನೆ. ಮಧ್ಯಾಹ್ನ ಮಲಗಲು ಬಿಡದೆ ಕರೆತರುತ್ತೇನೆ. ರಕ್ತ ತೆಗೆಯುವಾಗ ಪಕ್ಕದಲ್ಲಿ ನಿಲ್ಲುತ್ತೇನೆ, ಕೊಳವೆಯ ಮೇಲೆ ಹೆಸರನ್ನು ನಾನೇ ಬರೆಯುತ್ತೇನೆ. ನಿಮ್ಮ ಕಾಲೇಜಿಗೆ ಬರುವುದಿಲ್ಲ. ದೊಡ್ಡಾಸ್ಪತ್ರೆಗೆ ಬಾ. ಅದು ನೀನು ಕೊಟ್ಟ ಮಾತುಗಳಲ್ಲಿ ಒಂದು.

ಮೇನಕಾ


ಸೇಲಂ
6 ಆಗಸ್ಟ್ 2024

ಮೇನಕಾ ಅವರಿಗೆ,

ನೀವೇ ಹೆಸರು ಬರೆದ ಕೊಳವೆಯಲ್ಲಿ ಎರಡೂ ಸೂಚನೆ ಕೆಟ್ಟಿವೆ. ಶಿವಾಗೆ ಇರುವುದು ನಿಮ್ಮ ಅತ್ತೆಯ ಕಾಯಿಲೆಯೇ. ನನಗೆ ಇನ್ನು ಇದರಲ್ಲಿ ಸಂದೇಹವಿಲ್ಲ.

ಅಮ್ಮನಿಗೆ ಹೇಳಿ: ಒಂದೇ ಹೊಟ್ಟೆಯಾದರೂ ಪ್ರತಿ ಮಗುವಿಗೂ ಅಪ್ಪನ ಎರಡರಲ್ಲಿ ಒಂದು, ಅಮ್ಮನ ಎರಡರಲ್ಲಿ ಒಂದು ಹೊಸದಾಗಿ ಬರುತ್ತದೆ. ಮುನಿರಾಜ್ ಅವರಿಗೆ ಒಂದು ಒಳ್ಳೆಯದು ಬಂತು. ಶಿವಾಗೆ ಎರಡೂ ಕೆಟ್ಟದ್ದು ಬಂತು. ಇದರಲ್ಲಿ ಯಾರ ತಪ್ಪೂ ಇಲ್ಲ.

ಈಗ ಕೆಟ್ಟ ಸುದ್ದಿ. ನಮ್ಮ ರಿಸರ್ಚ್ ಪೇಪರ್ ಅಚ್ಚಾಗುವವರೆಗೆ ಇದನ್ನು ವರದಿಯಾಗಿ ಬರೆದು ಕೊಡುವ ಹಾಗಿಲ್ಲ ಎಂದು ಸಾರ್ ಹೇಳಿದರು. ಕೊಟ್ಟರೆ ನನ್ನ ಪಿಎಚ್‌ಡಿಗೆ ಸಹಿ ಹಾಕುವುದಿಲ್ಲ ಎಂದರು. ನಿಮ್ಮ ಅನುಮಾನದಲ್ಲಿ ಒಂದು ಭಾಗ ನಿಜವೆಂದೂ ಅವತ್ತು ಗೊತ್ತಾಯಿತು. ಈ ಕಾಯಿಲೆ ಇರುವ ಮನೆಗಳು ಯಾವುವು ಎಂದು ಮಿಲ್ಲಿನ ಕಚೇರಿಯವರು ಸಾರ್ ಅವರನ್ನು ಕೇಳಿದ್ದಾರೆ. ಕೊಟ್ಟಿಲ್ಲ ಎಂದು ಸಾರ್ ಹೇಳುತ್ತಾರೆ. ನಾನು ನಂಬಿದ್ದೇನೆಂದು ಬರೆಯಲಾರೆ. ಒಂದು ಒಳ್ಳೆಯ ಸೂಚನೆ ಇರುವ ಮುನಿರಾಜ್ ಅವರಂಥವರನ್ನೂ ಗೇಟಿನಲ್ಲೇ ತಡೆಯಲು ಅವರಿಗೆ ಆ ಹೆಸರುಗಳು ಸಾಕು.

ನೀವು ಶಿವಾನನ್ನು ಕರೆತಂದ ಸಂಜೆ ದೊಡ್ಡಾಸ್ಪತ್ರೆಯ ಡಾಕ್ಟರ್ ಕಲೈವಾಣಿ ಅವರು ಕೊಟ್ಟ ಮಾತ್ರೆ ನಿಮಗೆ ನೆನಪಿದೆಯಲ್ಲ. ಲೋಟ ಹಿಡಿಯಲಾರದ ಶಿವಾ ಅವರು ಮಾತ್ರೆ ನುಂಗಿ, ಸ್ವಲ್ಪ ಹೊತ್ತಾದ ಮೇಲೆ ಅಂಗಿಯ ಗುಂಡಿಯನ್ನು ತಾವೇ ಹಾಕಿಕೊಂಡರು. ಈ ಕಾಯಿಲೆಗೆ ಆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಸತ್ತ ಕೋಶ ಬದುಕುವುದಿಲ್ಲ, ಆದರೆ ಕೈ ವರ್ಷಗಟ್ಟಲೆ ಕೆಲಸಕ್ಕೆ ಒದಗುತ್ತದೆ. ಕುಡಿದವನ ಕೈ ಆ ಮಾತ್ರೆಯಿಂದ ನೆಟ್ಟಗಾಗುವುದಿಲ್ಲ.

ಡಾಕ್ಟರ್ ಸರ್ಟಿಫಿಕೇಟ್ ಬರೆಯುತ್ತಾರೆ. ಮಿಲ್ಲಿನವರು ಅದು ಕಾಸಿಗೆ ಸಿಗುವ ಕಾಗದ ಎನ್ನಬಹುದು. ನನಗೆ ತೋಚಿದ್ದು ಒಂದು. ಅವರು ಯಾವಾಗಲೂ ಬೆಳಿಗ್ಗೆಯೇ ಕರೆಯುತ್ತಾರೆ. ವಿಚಾರಣೆಯನ್ನು ಸಂಜೆಗೆ ಕೇಳಿ.

ಭಾರ್ಗವಿ


ಪೆನ್ನಾಗರಂ
14 ಆಗಸ್ಟ್ 2024

ಭಾರ್ಗವಿಗೆ,

ಕೇಳಿದೆವು. ಮೊದಲ ಸಲ ಮ್ಯಾನೇಜರ್ ‘ಆಫೀಸ್ ಟೈಮ್’ ಎಂದ. ಎರಡನೆಯ ಸಲ ಪಳನಿಸ್ವಾಮಿ, ‘ಏನಮ್ಮಾ, ಮಾಲೆ ಶೋ, ಸಾಯಂಕಾಲದ ಆಟ ನಡೆಸ್ತೀರಾ?’ ಎಂದ. ಮೂರನೆಯ ಸಲ ಶಿಫ್ಟ್ ಬದಲಾಗುವ ಹೊತ್ತಿಗೆ ಗೇಟಿನ ಮುಂದೆ ಕೂತೆವು. ಒಳಗಿನವರು ಹೊರಗೆ ಬರಲಿಲ್ಲ, ಹೊರಗಿನವರು ಒಳಗೆ ಹೋಗಲಿಲ್ಲ. ಆಪಾದನೆ ಸಂಜೆ ಶಿಫ್ಟಿನದು, ಪರೀಕ್ಷೆ ಮಾತ್ರ ಬೆಳಿಗ್ಗೆ ಯಾಕೆ ಎಂದು ಕೂಗಿದೆವು. ಮ್ಯಾನೇಜರ್ ಬಂದು ಸರಿ ಎಂದ. ಕಾಗದದಲ್ಲಿ ಬರೆಸಿಕೊಂಡೆ.

ತಡೆದವನು ಮಿಲ್ಲಿನವನಲ್ಲ, ಶಿವಾ. ‘ನನ್ ಕೈ ನಡುಗೋದ್ ನೋಡಾಕೆ ಎಲ್ರುನ್ನೂ ಕರೀತೀಯಾ? ಟಿಕೆಟ್ ಇಟ್ಬುಡು’ ಎಂದ. ನಾನು ಈ ಸಲ ಭಾಷಣ ಮಾಡಲಿಲ್ಲ. ನಿನಗೆ ಏನು ಬೇಕು ಎಂದು ಕೇಳಿದೆ. ಮೇಕೆಯ ಕಿವಿಯಿಂದ ಒಂದು ಉಣ್ಣೆಹುಳು ಕಿತ್ತು ಹಾಕಿದ. ಆಮೇಲೆ ಹೇಳಿದ:

‘ಬರ್ತೀನಿ. ನನ್ ಮಿಷಿನ್ ಮುಂದೆ ನಿಲ್ಸಬೇಕು, ಆಫೀಸ್ ರೂಮಲ್ಲಿ ಅಲ್ಲ. ಮೊದಲು ಪಳನಿಯಣ್ಣ ಎಲ್ರ ಮುಂದೆ ನನ್ ಬಾಯಿ ಮೂಸಬೇಕು. ಆಮೇಲೆ ನೂಲ್ ಕೊಡ್ಲಿ. ಆಗಲ್ಲ, ಎಲ್ರೂ ನೋಡ್ಲಿ. ಆಮೇಲ್ ಮಾತ್ರೆ ನುಂಗ್ತೀನಿ. ಯಾರೂ ಎದ್ದೋಗಬಾರದು. ಅದು ಏರೋವರ್ಗೂ ಕೂತಿರಬೇಕು. ಆಮೇಲೆ ಮತ್ತೆ ನೂಲ್ ಕೊಡ್ಲಿ.’

ಇಷ್ಟನ್ನೂ ಮ್ಯಾನೇಜರ್‌ಗೆ ಬರೆದು ಕೊಟ್ಟಿದ್ದೇವೆ. ಡಾಕ್ಟರ್ ಕಲೈವಾಣಿ ಡ್ಯೂಟಿ ಮುಗಿಸಿ ಬರುತ್ತೇನೆಂದಿದ್ದಾರೆ. ಅವತ್ತು ಬೆಳಗಿನಿಂದ ಶಿವಾನನ್ನು ಮಲಗಲು ಬಿಡದಂತೆ ಕಾಯುವ ಕೆಲಸ ಅಮ್ಮನದು.

ಕುಡುಕನಲ್ಲ ಎಂದು ಸಾಬೀತಾದರೆ ರೋಗಿಷ್ಟ ಎಂದು ಹೊರಹಾಕಲು ನೋಡುತ್ತಾರೆ. ಗೊತ್ತು. ಮಾತ್ರೆಯಿಂದ ಕೆಲಸ ಮಾಡಬಲ್ಲವನನ್ನು ಯಾವ ಕಾನೂನಿನಲ್ಲಿ ತೆಗೆಯುತ್ತೀರಿ ಎಂದು ಕೇಳಲು ಸಂಘದ ವಕೀಲರು ಇರುತ್ತಾರೆ. ಮಿಲ್ಲು ಕೇಳಿದ ಹೆಸರುಗಳ ಸಂಗತಿಯನ್ನೂ ಅಲ್ಲೇ ಎತ್ತುತ್ತೇನೆ. ಯಾರು ಹೇಳಿದರು ಎಂದು ಕೇಳಿದರೆ ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ. ನೀನೇ ಹೇಳಿದರೆ ಅದು ಬೇರೆ.

ಬಾಯಿಬಿಟ್ಟರೆ ನಿನ್ನ ಪಿಎಚ್‌ಡಿ ಹೋಗಬಹುದು. ಬಾ ಎಂದು ಕೇಳುವ ಹಕ್ಕು ನನಗಿಲ್ಲ. ಒಂದು ಮಾತ್ರ ಹೇಳುತ್ತೇನೆ: ಡಾಕ್ಟರಿಗೆ ಕೈ ಗೊತ್ತು, ಮಾತ್ರೆ ಗೊತ್ತು. ಆ ಕೊಳವೆಯಲ್ಲಿ ಕಂಡದ್ದನ್ನು ಹೇಳಬಲ್ಲವಳು ನೀನೊಬ್ಬಳೇ. ಎದುರಿಗೆ ನಿಮ್ಮ ಗಣೇಶನ್ ಸಾರ್ ಕೂತಿದ್ದರೂ ಕೂತಿರಬಹುದು. ಮಿಲ್ಲು ಅವರನ್ನು ಕರೆದಿದೆಯಂತೆ.

ನಿನ್ನನ್ನು ಪೂರ್ತಿ ನಂಬಿದ್ದೇನೆಂದು ಬರೆದರೆ ಸುಳ್ಳಾಗುತ್ತದೆ. ನೀನೂ ನನ್ನನ್ನು ನಂಬಬೇಡ, ಬಂದು ನೋಡು. ಪೆನ್ನಾಗರಂ ಬಸ್ಸು ಹತ್ತಬೇಡ, ಅದು ಇತ್ತ ಬರುತ್ತದೆ. ಸೇಲಂನಿಂದ ನೇರ ಮೆಟ್ಟೂರು ಬಸ್ಸು ಹಿಡಿ, ಮಿಲ್ಲಿನ ಸ್ಟಾಪಿನಲ್ಲಿ ಇಳಿ.

ವಿಚಾರಣೆ ಆಗಸ್ಟ್ 22, ಗುರುವಾರ, ಸಂಜೆ ಏಳು ಗಂಟೆ.

ಮೇನಕಾ